ಬಾಲ್ಕನಿಯಿಂದ ಕಾಣುವಷ್ಟು ಕಾರು

ಇಡ್ಲಿ ಮಾರಿ ಹೊಟ್ಟೆ ಹೊರೆಯುವವನು ಹೇಳಬಾರದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ ಇಡ್ಲಿಗಿಂತ ತುಕ್ಕಿನ ವಿಷಯ ಹೆಚ್ಚು ಗೊತ್ತು. ಒಂದು ದಿನ ಹೂವಿನ ಹಾಗಿದ್ದ ಇಡ್ಲಿ ಮರುದಿನ ಯಾಕೆ ಇಟ್ಟಿಗೆಯಾಗುತ್ತದೆ ಎಂಬುದು ಇಷ್ಟು ವರ್ಷ ಗಲ್ಲಾದಲ್ಲಿ ಕೂತರೂ ನನಗೆ ಬಗೆಹರಿದಿಲ್ಲ. ಯಾರಾದರೂ ಕೇಳಿದರೆ ಅಡುಗೆಯವರ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳುತ್ತೇನೆ. ಆದರೆ ಹಳೆಯ ಕಾರಿನ ಬಾಗಿಲ ಕೆಳ ಅಂಚಿನಲ್ಲಿ ಬಣ್ಣ ಸಾಸಿವೆಯಷ್ಟು ಉಬ್ಬಿದ್ದರೆ ಸಾಕು, ಅದರ ಹಿಂದೆ ತಗಡು ರೂಪಾಯಿ ಅಗಲ ಹೋಗಿದೆಯೋ ಅಂಗೈ ಅಗಲ ಹೋಗಿದೆಯೋ ನೋಡಿ ಹೇಳುತ್ತೇನೆ. ಮದುವೆಗೆ ಹೋದರೆ ಛತ್ರದ ಒಳಗೆ ಕಾಲಿಡುವ ಮೊದಲು ಹೊರಗೆ ನಿಂತ ಕಾರುಗಳ ಮಡ್‌ಗಾರ್ಡಿನೊಳಗೆ ಬೆರಳು ಹಾಕಿ ನೋಡುವ ಕೆಟ್ಟ ಚಾಳಿಯೂ ನನಗಿದೆ. ಒಮ್ಮೆ ವರನ ಸೋದರಮಾವನೇ ನನ್ನನ್ನು ಹಿಡಿದು, ಯಾರು, ಏನು ಮಾಡುತ್ತಿದ್ದೀರಿ ಎಂದು ವಿಚಾರಿಸಿದ. ತುಕ್ಕು ನೋಡುತ್ತಿದ್ದೇನೆ ಎಂದೆ. ಊಟದ ಪಂಕ್ತಿಯಲ್ಲಿ ಆತ ನನ್ನಿಂದ ನಾಲ್ಕು ಎಲೆ ದೂರ ಕೂತ. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, ನಾನು ಕನ್ನಡದಲ್ಲಿ ಏನೇ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು, ಆ ದಿನದಿಂದ ಮದುವೆಗಳಿಗೆ ನನ್ನ ಜೊತೆ ಬರುವುದನ್ನೇ ಬಿಟ್ಟಳು.

ಈ ವಿದ್ಯೆಯನ್ನು ನಾನು ಆಸೆಪಟ್ಟು ಕಲಿತದ್ದಲ್ಲ. ಅಣ್ಣನ ಕಾರು ಕಲಿಸಿತು. ಅಣ್ಣ ಎಂದರೆ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಕುಂದಾಪುರದ ಹತ್ತಿರದ ನಮ್ಮೂರಿನಿಂದ ಹದಿನೈದನೇ ವಯಸ್ಸಿಗೆ ಮದ್ರಾಸಿಗೆ ಬಂದು, ಯಾರದೋ ಹೋಟೆಲಿನಲ್ಲಿ ಎಲೆ ಎತ್ತಿ, ಕಾಫಿ ಹಾಕಿ, ಕೊನೆಗೆ ಮೈಲಾಪುರದಲ್ಲಿ ತನ್ನದೇ ಹೋಟೆಲು ಇಟ್ಟವನು. ಅಪ್ಪ ತೀರಿಕೊಂಡ ವರ್ಷ ಊರಿಗೆ ಬಂದು ನನ್ನನ್ನೂ ಕರೆದುಕೊಂಡು ಹೋದ. ಅವನಿಗೆ ಮಕ್ಕಳಾಗಲಿಲ್ಲ. ಅವನು ಅತ್ತಿಗೆ ಇಬ್ಬರೂ ನನ್ನನ್ನೇ ಸಾಕಿದರು. ಓದಿಸಿದರು, ನಾನು ಓದಲಿಲ್ಲ. ಹೊಡೆದರು, ಆಗಲೂ ಓದಲಿಲ್ಲ. ಕೊನೆಗೆ ಗಲ್ಲಾದಲ್ಲಿ ಕೂರಿಸಿದರು. ಅಣ್ಣನ ಗಂಟಲೆಂದರೆ ಗಂಟಲು. ಬಾಗಿಲಲ್ಲಿ ನಿಂತು, "ಹ್ವಾಯ್, ಮೂರನೇ ಟೇಬಲ್ಲಿಗೆ ಸಾಂಬಾರ್ ಕಾಣಿ!" ಎಂದರೆ ಅಡುಗೆಮನೆಯ ಹಿಂದಿನ ಓಣಿಯಲ್ಲಿ ಮಲಗಿದ್ದ ನಾಯಿಗೂ ಎಚ್ಚರವಾಗುತ್ತಿತ್ತು. ಆ ಗಂಟಲಿನಿಂದಲೇ ಗಿರಾಕಿಗಳು ಬರುತ್ತಾರೆಂದು ನಾನು ತಿಳಿದಿದ್ದೆ. ಅವನು ಬರುವುದು ನಿಂತ ಮೇಲೆಯೂ ಗಿರಾಕಿಗಳು ಬಂದರು. ಅದು ನನಗೆ ಸ್ವಲ್ಪ ಬೇಸರವನ್ನೇ ಉಂಟುಮಾಡಿತು.

ಕಾರಿನ ಹೆಸರು ಹೇಳುವುದಿಲ್ಲ. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಇಲ್ಲದವರ ಬಗ್ಗೆ ಈಗ ದೂರು ಹೇಳಿ ಏನು ಬಂತು? ಎರಡು ಬಾಗಿಲಿನ, ಮಜ್ಜಿಗೆ ಬಣ್ಣದ, ಮುಂದಿನಿಂದ ನೋಡಿದರೆ ಸ್ವಲ್ಪ ಆಶ್ಚರ್ಯಪಟ್ಟಂತೆ ಕಾಣುವ ಕಾರು. ಒಬ್ಬ ಡಾಕ್ಟರರಿಂದ ಅಣ್ಣ ಕೊಂಡದ್ದು. ಬೇರೆಯವರು ಇಂಥ ಕಾರಿಗೆ ಹೊದಿಕೆ ಹೊದಿಸಿ ಭಾನುವಾರ ಮಾತ್ರ ಹೊರಗೆ ತೆಗೆಯುತ್ತಾರೆ. ನಮ್ಮದು ಹೋಟೆಲಿನ ಕಾರು. ಅದರ ಡಿಕ್ಕಿಯಲ್ಲಿ ಇಪ್ಪತ್ತು ವರ್ಷ ಕಲ್ಲುಪ್ಪಿನ ಮೂಟೆ, ಹುಣಸೆಹಣ್ಣಿನ ಬುಟ್ಟಿ, ಮಾಧವರಂ ಕಡೆಯಿಂದ ತಂದ ಮೊಸರಿನ ಕ್ಯಾನು, ಮದುವೆ ಆರ್ಡರಿದ್ದರೆ ಸಾರಿನ ಕೊಳದಪ್ಪಲೆ, ಇಷ್ಟೂ ಪ್ರಯಾಣ ಮಾಡಿವೆ. ಒಂದೊಂದು ತಿರುವಿನಲ್ಲೂ ಒಂದಿಷ್ಟು ಚೆಲ್ಲಿದೆ. ಸಾಯಂಕಾಲ ಅಣ್ಣ ಅದನ್ನು ಸಮುದ್ರದ ಎದುರು ನಿಲ್ಲಿಸಿ ಒಂದು ಗಂಟೆ ಗಾಳಿ ಕುಡಿಯುತ್ತಿದ್ದ. ಹಗಲು ಉಪ್ಪು, ಹುಳಿ, ಸಂಜೆ ಉಪ್ಪುಗಾಳಿ. ಒಂದು ಮಾವಿನಮಿಡಿಗೆ ನಾವು ಏನು ಮಾಡುತ್ತೇವೋ ಅದನ್ನೇ ಕಾರಿಗೂ ಮಾಡಿದ್ದೆವು. ವ್ಯತ್ಯಾಸವೆಂದರೆ ಮಿಡಿ ಕೆಡುವುದಿಲ್ಲ.

ತೊಂಬತ್ತೆಂಟರಲ್ಲಿ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬೆಳಿಗ್ಗೆ ಹೋಟೆಲಿಗೆ ಹೊರಟವನು ಚಪ್ಪಲಿ ಹಾಕಿಕೊಳ್ಳಲು ಬಗ್ಗಿ, ಏಳಲಿಲ್ಲ. ಆಸ್ಪತ್ರೆಯಲ್ಲಿ ಜೀವ ಉಳಿಸಿ ಕೊಟ್ಟರು. ಎಡಗೈ, ಎಡಗಾಲು ಹೋಯಿತು. ಮುಖದ ಎಡಭಾಗ ಜಾರಿತು. ಮಾತು ಒಂದೊಂದೇ ಪದವಾಗಿ, ಎಳೆದು ಎಳೆದು ಬರುತ್ತಿತ್ತು. ಅದು ಪೂರ್ತಿ ಅರ್ಥವಾಗುತ್ತಿದ್ದದ್ದು ಅತ್ತಿಗೆಗೆ ಮಾತ್ರ. ಅವರ ಮನೆ ಎರಡನೇ ಮಹಡಿಯಲ್ಲಿ. ಲಿಫ್ಟು ಇಲ್ಲದ ಹಳೆಯ ಕಟ್ಟಡ. ಹಾಗಾಗಿ ಅಣ್ಣ ಕೆಳಗೆ ಬರುವುದು ನಿಂತಿತು. ಬೆಳಿಗ್ಗೆ ಕಾಫಿ ಆದ ಮೇಲೆ ಅತ್ತಿಗೆ ಅವನನ್ನು ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಸರಿಯಾಗಿ ಅದರ ಕೆಳಗೆ ಕಾರು ನಿಂತಿರುತ್ತಿತ್ತು.

ನಾನಿದ್ದದ್ದು ಹೋಟೆಲಿನ ಹಿಂದಿನ ಬೀದಿಯ ಮನೆಯಲ್ಲಿ. ಬೆಳಗಿನ ತಿಂಡಿಯ ಗಲಾಟೆ ಮುಗಿದು ಹತ್ತೂವರೆಗೆ ಅಣ್ಣನನ್ನು ನೋಡಲು ಹೋಗುತ್ತಿದ್ದೆ. ಅವನು ಕೇಳುತ್ತಿದ್ದದ್ದು ಒಂದೇ: "ಕಾರ್... ಹ್ಯಾಂಗಿತ್?"

"ಚಂದ ಇತ್ತ್ ಅಣ್ಣ," ಎನ್ನುತ್ತಿದ್ದೆ, ಚೆನ್ನಾಗಿದೆ ಎಂದು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನನಗೆ ಅಣ್ಣನ ಮುಖ ನೋಡಲು ಭಯವಾಗುತ್ತಿತ್ತು. ಬಾಯಿಯ ಎಡ ಮೂಲೆಯಿಂದ ಜೊಲ್ಲು ಇಳಿಯುವುದು, ಅವನು ಅದನ್ನು ಒರೆಸಿಕೊಳ್ಳಲು ಬಲಗೈ ಎತ್ತುವುದು, ಅಷ್ಟರಲ್ಲಿ ಅತ್ತಿಗೆ ಸೆರಗಿನಿಂದ ಒರೆಸುವುದು, ಆಗ ಅವನು ನನ್ನನ್ನು ನೋಡುವುದು. ನಾಯಿಯನ್ನು ಎಬ್ಬಿಸುತ್ತಿದ್ದ ಗಂಟಲು ಮೂರು ಪದಕ್ಕೆ ಏದುಸಿರು ಬಿಡುವುದು. ಐದು ನಿಮಿಷಕ್ಕಿಂತ ಹೆಚ್ಚು ನನ್ನಿಂದ ಕೂರಲಾಗುತ್ತಿರಲಿಲ್ಲ. "ಕಾರು ಸ್ವಲ್ಪ ಒರೆಸಿ ಹೋಗ್ತೆ ಅಣ್ಣ," ಎಂದು ಎದ್ದು ಕೆಳಗೆ ಇಳಿದುಬಿಡುತ್ತಿದ್ದೆ. ಕೆಳಗೆ ಇಳಿದವನು ಒಂದು ಗಂಟೆ ಕಾರು ಒರೆಸುತ್ತಿದ್ದೆ.

ಒರೆಸುವಾಗಲೇ ಬಾಗಿಲಿನ ಅಂಚಿನಲ್ಲಿ ಆ ಮೊದಲ ಗುಳ್ಳೆ ಕಂಡದ್ದು. ಉಗುರಿನಿಂದ ಕೆರೆದೆ. ಬಣ್ಣದ ಸಿಪ್ಪೆ ಎದ್ದು, ಕೆಳಗೆ ಮೆಣಸಿನಪುಡಿಯಂಥ ಹುಡಿ ಉದುರಿತು. ಬೇರೆ ಯಾವನಾದರೂ ಆಗಿದ್ದರೆ ಮೆಕ್ಯಾನಿಕ್ಕಿನ ಹತ್ತಿರ ಹೋಗುತ್ತಿದ್ದ. ನಾನು ಹೋಟೆಲಿನವನು. ಲೋಹ ಕಪ್ಪಾದರೆ, ಹಸಿರಾದರೆ, ಕೆಂಪಾದರೆ, ಎಲ್ಲದಕ್ಕೂ ನಮಗೆ ಗೊತ್ತಿರುವ ಔಷಧ ಒಂದೇ. ನವರಾತ್ರಿ ಬಂತೆಂದರೆ ಹೋಟೆಲಿನ ದೀಪ, ಹಿತ್ತಾಳೆ ಕೊಳಗ, ಕಾಫಿಯ ಡಬರಿ ಎಲ್ಲಕ್ಕೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕುವುದನ್ನು ಚಿಕ್ಕಂದಿನಿಂದ ನೋಡಿದವನಿಗೆ ಇನ್ನೇನು ಹೊಳೆಯಬೇಕು? ಮರುದಿನ ಒಂದು ತಪ್ಪಲೆಯಲ್ಲಿ ಹಣ್ಣು ಕಿವುಚಿ, ಉಪ್ಪು ಬೆರೆಸಿ, ತೆಂಗಿನ ನಾರು ಹಿಡಿದು ಹೊರಟೆ. "ಕಾರಿಗೆ ಹುಣಸೆಹಣ್ಣಾದರೆ ಸಾರಿಗೆ ಎಂತದು?" ಎಂದು ಹೆಂಡತಿ ಕೇಳಿದಳು. ಉತ್ತರ ಕೊಡದೆ ಹೋಗಿ ತಿಕ್ಕಿದೆ. ಏನು ಹೇಳಲಿ! ತುಕ್ಕು ಕರಗಿ ಕಬ್ಬಿಣ ಬೆಳ್ಳಿಯಂತೆ ಹೊಳೆಯಿತು. ಹುರುಪು ಬಂದು ಬಂಪರ್ರು, ದೀಪದ ಸುತ್ತಿನ ಬಳೆ, ಕಿಟಕಿಯ ಪಟ್ಟಿ, ಚಕ್ರದ ತಟ್ಟೆ, ಸಿಕ್ಕಿದ್ದಕ್ಕೆಲ್ಲ ಹುಳಿ ಉಪ್ಪು ತಿಕ್ಕಿದೆ. ಎರಡು ದಿನ ಮೈಲಾಪುರದಲ್ಲಿ ನನ್ನಷ್ಟು ಹೆಮ್ಮೆಯ ಮನುಷ್ಯ ಇರಲಿಲ್ಲ. ಹುಳಿ ತುಕ್ಕನ್ನು ತಿನ್ನುವುದು ನಿಜವೇ. ತಿಂದ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕೂಡಲೇ ಪ್ರೈಮರ್ ಹಚ್ಚಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಉಪ್ಪನ್ನಂತೂ ಹತ್ತಿರ ತರಲೇಬಾರದು. ಎಂಟು ದಿನಕ್ಕೆ, ಎಲ್ಲೆಲ್ಲಿ ನನ್ನ ಕೈ ಹೋಗಿತ್ತೋ ಅಲ್ಲೆಲ್ಲ ಕಾರು ಕಿತ್ತಳೆ ಬಣ್ಣಕ್ಕೆ ತಿರುಗಿತು.

ಗಾಬರಿಯಾಗಿ ತೊಳೆದೆ. ದಿನಾ ತೊಳೆದೆ. ನಮ್ಮ ಬೀದಿಗಳ ಬೋರಿನ ನೀರು ಎಂಥದೆಂದು ಅಲ್ಲಿ ಇದ್ದವರಿಗೆ ಗೊತ್ತು. ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಆ ನೀರಿನಲ್ಲಿ ಅನ್ನ ಮಾಡಿದರೆ ಉಪ್ಪು ಹಾಕುವುದು ಬೇಡ. ಅದೇ ನೀರನ್ನು ಬಕೆಟ್ಟು ಬಕೆಟ್ಟು ಸುರಿದೆ. ಆಮೇಲೆ ಬುದ್ಧಿ ಬಂದು, ಹೋಟೆಲಿಗೆ ಲಾರಿಯಲ್ಲಿ ಬರುತ್ತಿದ್ದ ಸಿಹಿನೀರನ್ನು ಪ್ಲಾಸ್ಟಿಕ್ ಕೊಡದಲ್ಲಿ ತುಂಬಿ ಆಟೋದಲ್ಲಿ ತಂದು ಕಾರಿಗೆ ಸ್ನಾನ ಮಾಡಿಸಿದೆ. ಊರಿಡೀ ನೀರಿಲ್ಲದೆ ಸಾಲು ನಿಂತಿದ್ದ ದಿನಗಳು ಅವು. ಕೆಳಗಿನ ಮನೆಯ ಮಾಮಿ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ನಿಂತು ನೋಡಿದರು. "ಮನುಷಾಳುಕ್ಕೇ ಕುಡಿಕ್ಕ ತಣ್ಣಿ ಇಲ್ಲೆ, ಕಾರುಕ್ಕು ಅಭಿಷೇಕಮಾ?" ಎಂದರು. ಮನುಷ್ಯರಿಗೇ ಕುಡಿಯಲು ನೀರಿಲ್ಲ, ಕಾರಿಗೆ ಅಭಿಷೇಕವೇ ಎಂದು. ಆ ದಿನ ಮಾಮಿಗೆ ಒಂದು ಕೊಡ ಕೊಟ್ಟು ಕಾರಿಗೆ ಒಂದು ಕೊಡ ಸುರಿದೆ. ಮಳೆಯಿಂದ ಕಾಪಾಡೋಣವೆಂದು ದಪ್ಪ ಟಾರ್ಪಾಲು ಹೊದಿಸಿದೆ. ಒಳಗಿನ ಹಸಿ ಹೊರಗೆ ಹೋಗದೆ, ಕಾರು ಇಡ್ಲಿ ಪಾತ್ರೆಯೊಳಗೆ ಇದ್ದಂತೆ ಬೆವರಿತು. ಕಾಲಡಿಗೆ ತೆಂಗಿನನಾರಿನ ಚಾಪೆ ಹಾಸಿದೆ. ಅದು ನೀರು ಹೀರಿಕೊಂಡು ತಗಡಿಗೆ ಒದ್ದೆಬಟ್ಟೆ ಕಟ್ಟಿದಂತಾಯಿತು. ಸುಮ್ಮನೆ ಇದ್ದಿದ್ದರೆ ಇನ್ನೂ ಹತ್ತು ವರ್ಷ ಬಾಳುತ್ತಿದ್ದ ಕಾರನ್ನು ಪ್ರೀತಿಯಿಂದ ಮೂರು ವರ್ಷಕ್ಕೆ ಮುಗಿಸುವ ಹಾದಿಯಲ್ಲಿದ್ದೆ.

ಒಂದು ದಿನ ತಲೆ ಎತ್ತಿ ನೋಡಿದೆ. ಅಣ್ಣ ಬಾಲ್ಕನಿಯಿಂದ ನೋಡುತ್ತಿದ್ದ. ಅಲ್ಲಿಂದ ಅವನಿಗೆ ಕಾಣುವುದು ಏನು ಎಂದು ಆಗ ಹೊಳೆಯಿತು. ಕಾರಿನ ಮಾಡು, ಬಾನೆಟ್ಟಿನ ಮೇಲ್ಭಾಗ, ಡಿಕ್ಕಿಯ ಮುಚ್ಚಳ. ಬಾಗಿಲ ಅಂಚು ಕಾಣುವುದಿಲ್ಲ. ಮಡ್‌ಗಾರ್ಡು ಕಾಣುವುದಿಲ್ಲ. ಕೆಳಗಿನ ನೆಲವಂತೂ ದೇವರಿಗೂ ಕಾಣುವುದಿಲ್ಲ. ಆ ದಿನದಿಂದ ನಾನು ಮೇಲಿನಿಂದ ಕಾಣುವಷ್ಟು ಕಾರನ್ನು ಮಾತ್ರ ರಕ್ಷಿಸುವುದೆಂದು ತೀರ್ಮಾನಿಸಿದೆ. ಮಾಡಿಗೆ ಮೇಣ ಹಚ್ಚಿ ಉಜ್ಜಿದೆ. ಬಾನೆಟ್ಟಿಗೆ ಮಜ್ಜಿಗೆ ಬಣ್ಣ ಹೊಸದಾಗಿ ಹೊಡೆಸಿದೆ. ಎರಡನೇ ಮಹಡಿಯಿಂದ ನೋಡಿದರೆ ನಿನ್ನೆ ಕೊಂಡ ಕಾರು. ಬೀದಿಯಲ್ಲಿ ನಿಂತು ನೋಡಿದರೆ ಕಡಲಿನಿಂದ ಎತ್ತಿ ತಂದ ವಸ್ತು. ನನ್ನ ಮಗಳು ಅದಕ್ಕೆ ತುರು ವಂಡಿ ಎಂದು ಹೆಸರಿಟ್ಟಳು, ತುಕ್ಕಿನ ಗಾಡಿ ಎಂದು. ಅಣ್ಣನ ಎದುರು ಹಾಗೆ ಕರೆಯಕೂಡದೆಂದು ಅವಳಿಂದ ದೇವರ ಮೇಲೆ ಆಣೆ ಮಾಡಿಸಿಕೊಂಡೆ.

ಅಣ್ಣನಾದರೂ ಸುಮ್ಮನೆ ನೋಡುತ್ತಿದ್ದನೇ? ನಾನು ಒರೆಸಿ ಮುಗಿಸಿ ಬಟ್ಟೆ ಹಿಂಡುವಷ್ಟರಲ್ಲಿ ಬಾಲ್ಕನಿಯ ಕಂಬಿಗೆ ಊರುಗೋಲಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದ. ನೋಡಿದರೆ ಕೋಲನ್ನು ಕಾರಿನ ಒಂದು ಮೂಲೆಯ ಕಡೆ ಚಾಚುತ್ತಿದ್ದ. ಅತ್ತಿಗೆ ಪಕ್ಕದಲ್ಲಿ ನಿಂತು, "ಅಲ್ಲೊಂದ್ ಕಲೆ ಇತ್ತಂಬ್ರು ಕಾಣ್," ಎಂದು ಕೂಗುತ್ತಿದ್ದರು. ನಾನು ಹುಡುಕುತ್ತಿದ್ದೆ. ಕಲೆ ಇರುತ್ತಿರಲಿಲ್ಲ. ಆದರೂ ಉಜ್ಜುತ್ತಿದ್ದೆ. ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು ಟಕ್ ಟಕ್, ಇನ್ನೊಂದು ಮೂಲೆ. ಕಾಯಿಲೆ ಮನುಷ್ಯನನ್ನು ಹಟಮಾರಿ ಮಾಡುತ್ತದೆ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಾಗಿರುತ್ತಿತ್ತು. ಒಂದೆರಡು ಸಲ ಕೇಳಿಸದವನಂತೆ ನಟಿಸಿ, ತಲೆ ಎತ್ತದೆ ಹೊರಟೂ ಹೋಗಿದ್ದೇನೆ.

ಎರಡು ವರ್ಷ ಹೀಗೆ ನಡೆಯಿತು. ಮೂರನೇ ವರ್ಷ, ನವರಾತ್ರಿಗೆ ಎರಡು ತಿಂಗಳಿರುವಾಗ, ಅಣ್ಣ ಒಂದು ಆಸೆ ಹೇಳಿದ. "ಪೂಜೆಗೆ... ಕಾರಲ್ಲ್... ಹೋಪ. ನೀ... ನಾ." ಆಯುಧಪೂಜೆಗೆ ಹೋಟೆಲಿಗೆ ಕಾರಿನಲ್ಲಿ ಹೋಗೋಣ, ನಾವಿಬ್ಬರೇ ಎಂದು. ಟ್ಯಾಕ್ಸಿ ತರಿಸುತ್ತೇನೆ, ಆರಾಮವಾಗಿ ಹೋಗಬಹುದು ಎಂದೆ. ಬಲಗೈ ಆಡಿಸಿ ಬೇಡವೆಂದ. ಆ ಹೊತ್ತಿಗಾಗಲೇ ಮುಂದಿನ ಎಡ ಸೀಟಿನ ಕೆಳಗೆ ಚಾಪೆ ಎತ್ತಿದರೆ ಬೀದಿ ಕಾಣುತ್ತಿತ್ತು.

ಎರಡು ವರ್ಕ್‌ಶಾಪಿನವರು ನೋಡಿ ನಕ್ಕು ಕಳಿಸಿದರು. ಕೊನೆಗೆ ಹೋಟೆಲಿಗೆ ಬರುವ ಗಿರಾಕಿಯೊಬ್ಬರು ಕಾಸಿಮೇಡಿನ ಏಳುಮಲೈ ಎಂಬವನ ಹೆಸರು ಹೇಳಿದರು. ಮೀನು ಹಿಡಿಯುವ ದೋಣಿಗಳ ಕಬ್ಬಿಣದ ಕೆಲಸ ಮಾಡುವವನು. ಜೀವಮಾನವೆಲ್ಲ ಉಪ್ಪುನೀರಿನ ಜೊತೆ ಜಗಳವಾಡಿದವನಿಗೆ ಕಾರು ಯಾವ ಲೆಕ್ಕ ಎಂದರು. ಶುದ್ಧ ಸಸ್ಯಾಹಾರಿ ಹೋಟೆಲಿನವನಾದ ನಾನು ಬೆಳ್ಳಂಬೆಳಿಗ್ಗೆ ಮೀನು ಹರಾಜಿನ ನಡುವೆ ಮೂಗಿಗೆ ಕರವಸ್ತ್ರ ಹಿಡಿದು ಅವನನ್ನು ಹುಡುಕಿದೆ. ಯಾರ ಕಣ್ಣಿಗಾದರೂ ಬಿದ್ದರೆ ನಮ್ಮ ಸಾಂಬಾರಿನ ಬಗ್ಗೆ ಏನು ತಿಳಿದಾರೋ ಎಂಬ ಹೆದರಿಕೆ ಬೇರೆ. ಏಳುಮಲೈ ಬಂದು, ಕಾರಿನ ಕೆಳಗೆ ಅಂಗಾತ ಮಲಗಿ, ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಕುಟ್ಟಿದ. ಕುಟ್ಟಿದಲ್ಲೆಲ್ಲ ಹುಡಿ ಸುರಿಯಿತು. ಎದ್ದು ಮೀಸೆಯಿಂದ ತುಕ್ಕು ಕೊಡವಿಕೊಂಡು, "ಸಾರ್, ಇದು ವಂಡಿ ಇಲ್ಲೆ, ಸಲ್ಲಡೈ," ಎಂದ. ಇದು ಗಾಡಿಯಲ್ಲ, ಜರಡಿ. ಆಮೇಲೆ ನನ್ನ ಮುಖ ನೋಡಿ, ಯಾರಿಗೋಸ್ಕರ ಎಂದು ಕೇಳಿದ. ಮೇಲೆ ತೋರಿಸಿದೆ. ಅಣ್ಣ ಬಾಲ್ಕನಿಯಲ್ಲಿದ್ದ. ಏಳುಮಲೈ ಅವನಿಗೆ ಕೈಯೆತ್ತಿ ನಮಸ್ಕಾರ ಮಾಡಿದ. "ಪಣ್ಣಿರಲಾಂ ಸಾರ್," ಎಂದ. ಮಾಡಿಬಿಡೋಣ.

ಆ ಎರಡು ತಿಂಗಳು ನಾನು ಅವನ ಶಿಷ್ಯನಾದೆ. ಕೊಳೆತ ತಗಡನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು, ದಯೆ ತೋರಿಸಬಾರದು ಎಂದು ಅವನು ಹೇಳಿಕೊಟ್ಟ. ಮೇಲೆ ಪಟ್ಟಿ ಮೆತ್ತಿ ಬಣ್ಣ ಬಳಿಯುವುದು ಮೋಸ, ಒಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ ಎಂದ. ಬಾಗಿಲುಗಳ ಕೆಳಗೆ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮವು ಹುಣಸೆಹಣ್ಣಿನ ನಾರಿನಿಂದ ಮುಚ್ಚಿಹೋಗಿದ್ದವು. ಅವನ್ನು ಕಡ್ಡಿ ಹಾಕಿ ಬಿಡಿಸಿದ. ದೋಣಿಗೆ ಹಾಕುವ ದಪ್ಪ ತಗಡು ತಂದು ಕಾಲಡಿಗೆ ವೆಲ್ಡ್ ಮಾಡಿದ. ಎಮರಿ ಕಾಗದದಲ್ಲಿ ಉಜ್ಜಿ ಕೆಂಪು ಪ್ರೈಮರ್ ಎರಡು ಕೈ, ಅದರ ಮೇಲೆ ದೋಣಿಯ ಬಣ್ಣ. ಸಂದುಗೊಂದುಗಳಿಗೆ ಎಣ್ಣೆ ಊದಿದ. ಟಾರ್ಪಾಲನ್ನು ಎತ್ತಿ ಬಿಸಾಡಿದ. ಬೋರಿನ ನೀರಿನ ಸಂಗತಿ ಹೇಳಿದಾಗ ಮಾತ್ರ ಅವನಿಗೆ ನಿಜವಾಗಿ ದುಃಖವಾಯಿತು. ಹುಣಸೆಹಣ್ಣಿನ ವಿಷಯ ಹೇಳಲು ನನಗೆ ಧೈರ್ಯವಾಗಲಿಲ್ಲ. ಈ ದಿನಗಳಲ್ಲಿ ನಾನು ಮೇಲೆ ಹೋಗುವುದು ಇನ್ನೂ ಕಡಿಮೆಯಾಯಿತು. ಹೋದರೂ ಬಾಗಿಲಲ್ಲೇ ನಿಂತು, "ಕೆಲಸ ಆಗ್ತಾ ಇತ್ತ್ ಅಣ್ಣ, ಪೂಜೆಗೆ ಹೋಪ," ಎಂದು ಹೇಳಿ ಓಡಿಬರುತ್ತಿದ್ದೆ. ಅವನಿಗಾಗಿಯೇ ತಾನೇ ಇಷ್ಟೆಲ್ಲ ಎಂಬ ಧೈರ್ಯ.

ಆಯುಧಪೂಜೆಯ ದಿನ ಹೋಟೆಲಿನ ಇಬ್ಬರು, ಏಳುಮಲೈ, ನಾನು ಸೇರಿ ಅಣ್ಣನನ್ನು ಬೆತ್ತದ ಕುರ್ಚಿಯ ಸಮೇತ ಕೆಳಗಿಳಿಸಿದೆವು. ಅತ್ತಿಗೆ ಹೊಸ ಪಂಚೆ ಉಡಿಸಿ, ತಲೆ ಬಾಚಿ, ಗಂಧ ಇಟ್ಟಿದ್ದರು. ಕಾರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದೆ. ಅಣ್ಣನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎಡಗಾಲನ್ನು ಎತ್ತಿ ಹೊಸ ತಗಡಿನ ಮೇಲೆ ಇಟ್ಟೆ. ಏನೂ ಆಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ನಾನು ಸ್ಟಿಯರಿಂಗಿನ ಹಿಂದೆ ಕೂತು ಅವನ ಕಡೆ ತಿರುಗಿದೆ. ನನ್ನ ಕಡೆಗೆ ಇದ್ದದ್ದು ಅವನ ಬಲಗೆನ್ನೆ, ಕಾಯಿಲೆ ಮುಟ್ಟದ ಬದಿ. ಎರಡೂವರೆ ವರ್ಷದ ಮೇಲೆ ನನ್ನ ಹಳೆಯ ಅಣ್ಣ ಪಕ್ಕದಲ್ಲಿ ಕೂತಿದ್ದ. ಕೀಲಿ ತಿರುಗಿಸಲು ಕೈ ಹಾಕಿದೆ. ಅವನು ಬಲಗೈಯನ್ನು ನನ್ನ ಕೈಯ ಮೇಲೆ ಇಟ್ಟ.

"ಸ್ಟಾರ್ಟ್... ಮಾಡ್ಬೇಡ," ಎಂದ. "ಕೂಕೋ."

ಅವನಿಗೆ ಭಯವಾಗಿದೆ, ಕಾರಿನ ಮೇಲೆ ನಂಬಿಕೆಯಿಲ್ಲ ಎಂದುಕೊಂಡೆ. ಎರಡು ತಿಂಗಳ ದುಡಿಮೆ ಕಣ್ಣೆದುರು ಬಂತು. ಕಾಸಿಮೇಡಿನ ಮೀನಿನ ವಾಸನೆ ಬಂತು. ಅಭಿಮಾನ ಕೆರಳಿತು. ಕಾರಿನಿಂದ ಇಳಿದು ಅವನ ಕಡೆಯ ಬಾಗಿಲು ತೆಗೆದು, ಕಾಲಡಿಯ ಚಾಪೆ ಸರಿಸಿ ತೋರಿಸಿದೆ. ಇದು ದೋಣಿಯ ತಗಡು, ಇದು ಎರಡು ಕೈ ಪ್ರೈಮರು, ಇಲ್ಲಿ ನೀರು ಹೋಗುವ ತೂತು, ನೂರು ವರ್ಷ ಏನೂ ಆಗುವುದಿಲ್ಲ ಎಂದು, ಬಂದ ಗಿರಾಕಿಗೆ ತಿಂಡಿಯ ಪಟ್ಟಿ ಒಪ್ಪಿಸುವವನ ಹಾಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅಣ್ಣ ತಗಡನ್ನು ನೋಡಲಿಲ್ಲ. ನನ್ನ ಸೀಟಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ.

"ಕೂಕೋ... ವಾಸು."

"ಬರೀ ಕೂತ್ರೆ ಆತ್ತಾ ಅಣ್ಣ? ಹೋಟ್ಲಲ್ಲ್ ಪೂಜೆಗ್ ಕಾಯ್ತಾ ಇದ್ರ್. ಹೋಪದಾದ್ರ್ ಹೋಪ, ಇಲ್ದಿರ್ ಬೇಡ," ಎಂದೆ. ಧ್ವನಿ ಸ್ವಲ್ಪ ಏರಿತ್ತು. ಗಂಟೆ ಹನ್ನೊಂದಾಗಿತ್ತು. ಹೋಟೆಲಿನಲ್ಲಿ ರುಬ್ಬುವ ಯಂತ್ರದಿಂದ ಹಿಡಿದು ಜಾಲರಿ ಸೌಟಿನ ತನಕ ಎಲ್ಲ ಕುಂಕುಮ ಹಚ್ಚಿಕೊಂಡು ನನಗೆ ಕಾದಿದ್ದವು. ಅವನು ಕೈಯನ್ನು ಸೀಟಿನಿಂದ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಇವನನ್ನು ಜೋಪಾನವಾಗಿ ಮೇಲೆ ಹತ್ತಿಸಿ ಎಂದು ಕುರ್ಚಿ ಹೊತ್ತವರಿಗೆ ಹೇಳಿ, ನಾನು ಒಂದು ಆಟೋ ಹಿಡಿದು ಹೋಟೆಲಿಗೆ ಹೋದೆ. ದಾರಿಯುದ್ದಕ್ಕೂ ಅಣ್ಣನ ಮೇಲೆ ಸಿಟ್ಟಾಗಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅಣ್ಣ ಹೋದ. ಎರಡನೇ ಸಲದ ಹೊಡೆತ. ನಾನು ಗಲ್ಲಾದಲ್ಲಿದ್ದೆ. ಫೋನು ಬಂದು, ಓಡಿ, ಮೆಟ್ಟಿಲು ಹತ್ತುವಷ್ಟರಲ್ಲಿ ಮುಗಿದಿತ್ತು. ಆ ದಿನ ಮೊದಲ ಸಲ ಅವನ ಮುಖವನ್ನು ಎಷ್ಟು ಹೊತ್ತು ಬೇಕಾದರೂ ನೋಡಲು ನನ್ನಿಂದಾಯಿತು.

ಹದಿಮೂರನೇ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತಿಗೆಯ ಎದುರು ಕೂತು ಕಾರಿನ ವಿಷಯ ಎತ್ತಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವೇನೆಂದು ಎಲ್ಲ ಒಪ್ಪಿಕೊಂಡೆ. ಹುಣಸೆಹಣ್ಣು, ಉಪ್ಪುನೀರು, ಮೇಲಿನಿಂದ ಕಾಣುವಷ್ಟನ್ನು ಮಾತ್ರ ಹೊಳೆಸಿ ಅಣ್ಣನನ್ನು ಎರಡು ವರ್ಷ ವಂಚಿಸಿದ್ದು, ಎಲ್ಲ. ಅತ್ತಿಗೆ ತಟ್ಟೆಗಳನ್ನು ಒರೆಸಿ ಒಂದರ ಮೇಲೊಂದು ಇಡುತ್ತಿದ್ದರು. ನಿಲ್ಲಿಸಲಿಲ್ಲ.

"ಅವ್ರಿಗ್ ಗೊತ್ತಿತ್ತ್ ಮಾರಾಯ," ಎಂದರು. "ನೀ ಒರ್ಸಿ ಹೋದ್ ಮೇಲೆ ದಿನಾ ಕಾರಿನ್ ಸುತ್ತ ಕೆಂಪು ಹುಡಿ ಬಿದ್ದಿರ್ತಿತ್ತ್. ಮೇಲಿಂದ ಚಂದ ಮಾಡಿ ಕಾಣ್ತಿತ್ತ್. ವಾಚ್‌ಮನ್ ಗುಡ್ಸೂದನ್ನ ಕಂಡ್ ನೆಗಾಡ್ತಿದ್ರ್."

"ಮತ್ತೆ ಆ ಕಲೆ, ಈ ಕಲೆ ಅಂತ ಕೋಲು ಬಡೀತಿದ್ದದ್ದು?"

ಅತ್ತಿಗೆ ಕೈಯಲ್ಲಿದ್ದ ತಟ್ಟೆಯನ್ನು ಇಟ್ಟರು. "ಕಲೆ ಎಲ್ಲಿತ್ತ್? ನೀ ಹೊರಡೂದ್ ಕಂಡ್ರೆ ಬಡೀತಿದ್ರ್. ಮೇಲ್ ಬಂದ್ರೆ ಐದ್ ನಿಮಿಷ ಕೂಕಂಬ್ದಿಲ್ಲ ಅವ. ಕೆಳಗಾದ್ರೆ ಒಂದ್ ಗಂಟೆ ಕಾಂಬುಕ್ ಸಿಕ್ತ ಅಂತಿದ್ರ್. ಕಾರ್ ಕಾಂಬುಕೆ ಅಲ್ಲಿ ಕೂಕಂತಿದ್ರ್ ಅಂದ್ಕಂಡ್ಯಾ ನೀ?"

ಉಳಿದದ್ದನ್ನೂ ಅವರೇ ಹೇಳಿದರು. ಪೂಜೆಯ ದಿನ ಹೋಟೆಲಿಗೆ ಹೋಗುವ ಆಸೆಯೂ ಅವನಿಗೆ ಇರಲಿಲ್ಲವಂತೆ. ಕಾರಿನೊಳಗಾದರೆ ಪಕ್ಕದಲ್ಲಿ ಕೂತವನು ಮುಖ ನೋಡಬೇಕಾಗಿಲ್ಲ, ಅಲ್ಲಿ ವಾಸು ಸ್ವಲ್ಪ ಹೊತ್ತು ಕೂರುತ್ತಾನೆ ಎಂದು ಹಿಂದಿನ ದಿನ ಅತ್ತಿಗೆಗೆ ಹೇಳಿದ್ದನಂತೆ. ಅಷ್ಟನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿದಿತ್ತಂತೆ.

ಕಾರನ್ನು ಏಳುಮಲೈ ತೆಗೆದುಕೊಂಡು ಹೋದ. ಇನ್ನೂ ಓಡುತ್ತಿದೆ ಎಂದು ಕೇಳಿದ್ದೇನೆ. ನೂರು ವರ್ಷ ಎಂದು ನಾನು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ತುಕ್ಕಿನ ಬಗ್ಗೆ ಈಗಲೂ ಜನ ನನ್ನನ್ನು ಕೇಳುತ್ತಾರೆ. ಒರೆಸಿ ಇಡಿ, ಒಣಗಿಸಿ ಇಡಿ, ಉಪ್ಪುನೀರು ಮುಟ್ಟಿಸಬೇಡಿ, ಮೊದಲ ಗುಳ್ಳೆಯಲ್ಲೇ ಕೆರೆದು ನೋಡಿ ಎಂದು ದೊಡ್ಡ ಪಂಡಿತನ ಹಾಗೆ ಹೇಳುತ್ತೇನೆ. ಕೇಳಿದವರು ತಲೆದೂಗುತ್ತಾರೆ.

ಹತ್ತೂವರೆಗೆ ಈಗಲೂ ಹೋಗುತ್ತೇನೆ. ನೇರವಾಗಿ ಮೇಲೆ ಹತ್ತಿ, ಅತ್ತಿಗೆಯ ಎದುರು ಒಂದು ಗಂಟೆ ಕೂರುತ್ತೇನೆ. ಹೇಳಲು ಏನೂ ಇರುವುದಿಲ್ಲ. ಅವರಿಗೆ ತರಕಾರಿ ಹೆಚ್ಚಬೇಕು, ದೇವರ ಮುಂದೆ ದೀಪ ಹಚ್ಚಬೇಕು, ಟಿವಿಯಲ್ಲಿ ಅವರ ಧಾರಾವಾಹಿ ಬೇರೆ ಶುರುವಾಗಿರುತ್ತದೆ. ನಾನು ಅಡ್ಡವಾಗಿ ಕೂತಿರುತ್ತೇನೆ. ಬಹಳ ತಾಳಿಕೊಂಡು, ಕೊನೆಗೆ, "ಹೋಟ್ಲಲ್ಲ್ ಕೆಲ್ಸ ಇಲ್ಯಾ ವಾಸು?" ಎಂದು ಕೇಳುತ್ತಾರೆ.

ಇದೆ ಎನ್ನುತ್ತೇನೆ. ಏಳುವುದಿಲ್ಲ.